3 ಇದ್ದದ್ದು 3.2 ಆಯ್ತು

ಮಡಿಕೇರಿಯಲ್ಲಿ ನಾಲ್ಕು ದಿನದಿಂದ ಬಿಡದ ಮಳೆ. ತಂಗಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ರಜೆಗೆ ಬರುವಾಗ ಪ್ರಾಜೆಕ್ಟ್ ಮಾಡೆಲ್‌ನ ತುಂಡುಗಳನ್ನೂ ಹೊತ್ತು ತಂದಳು. ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ ಹಲಗೆಗಳು, ಅಂದರೆ ಮರದ ನಾರು ಒತ್ತಿ ಮಾಡಿದವು. ಒಂದರೊಳಗೊಂದು ಸಿಕ್ಕಿಸಿದರೆ ಅಲೆಯಂಥ ಚಾವಣಿ ಆಗಬೇಕು. ಕಾಲೇಜಿನಲ್ಲಿ ಸರಿಯಾಗಿ ಕೂತಿತ್ತಂತೆ. ಇಲ್ಲಿಯ ತೇವಕ್ಕೆ ಹಲಗೆ ಉಬ್ಬಿ ಒಂದು ಕಚ್ಚೂ ಹೊಂದುತ್ತಿಲ್ಲ.

ಅತ್ತೇಬಿಡುತ್ತಾಳೇನೋ ಅಂದುಕೊಂಡೆ. ಅವಳು ಕ್ಯಾಲಿಪರ್ ಹಿಡಿದು ಹಲಗೆಯ ದಪ್ಪ ಅಳೆದಳು. 3 ಮಿಲಿಮೀಟರ್ ಇದ್ದದ್ದು 3.2 ಆಗಿದೆ. ಗ್ರಾಸ್‌ಹಾಪರ್ ಅನ್ನುವ ವಿನ್ಯಾಸದ ಸಾಫ್ಟ್‌ವೇರ್ ತೆರೆದು ಆ ಒಂದು ಸಂಖ್ಯೆ ಬದಲಿಸಿದಳು, ಅಷ್ಟೇ. ಪರದೆ ಮೇಲಿನ ಎಲ್ಲಾ ಕಚ್ಚುಗಳೂ ಕಣ್ಣೆದುರೇ ಅಗಲವಾದವು! "ನಾವು ಬರೀ ಗೆರೆ ಎಳೆಯಲ್ಲ ಅಕ್ಕ, ಗೆರೆಗಳ ನಡುವಿನ ಸಂಬಂಧ ಬರೀತೀವಿ" ಅಂದಳು. ಲೇಸರ್ ಸುಟ್ಟು ತಿನ್ನುವ ಅಂಚನ್ನೂ ಲೆಕ್ಕಕ್ಕೆ ಹಿಡಿಯಬೇಕಂತೆ.

ಸ್ಪೇನ್‌ನ ವಾಸ್ತುಶಿಲ್ಪಿ ಗೌಡಿ ಕಂಪ್ಯೂಟರ್ ಇಲ್ಲದೆಯೇ ಇಂಥದ್ದು ಮಾಡಿದ್ದರು. ಬಾರ್ಸಿಲೋನಾ ಹತ್ತಿರದ ಕೊಲೊನಿಯಾ ಗುಯೆಲ್ ಚರ್ಚಿಗಾಗಿ ದಾರಗಳನ್ನು ಇಳಿಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದರು. ಒಂದು ದಾರ ಬದಲಿಸಿದರೆ ಉಳಿದವೆಲ್ಲ ತಾವೇ ಹೊಸ ಆಕಾರಕ್ಕೆ ಬರುತ್ತವೆ. ತಲೆಕೆಳಗು ಮಾಡಿ ನೋಡಿದರೆ ಕಮಾನು.

ನನಗೆ ನಮ್ಮ ತೋಟಕ್ಕೆ ಕುಕ್ಕೆ ಹೆಣೆದು ಕೊಡುವ ಅಜ್ಜ ನೆನಪಾದರು. ಬಿದಿರಿನ ದಬ್ಬೆ ದಪ್ಪ ಇದ್ದರೆ ಹೆಣಿಗೆ ಸ್ವಲ್ಪ ಸಡಿಲ ಬಿಡುತ್ತಾರೆ. ಅಳತೆ ಎಲ್ಲ ಬೆರಳಲ್ಲೇ. ನಾಳೆ ಮಳೆ ಬಿಟ್ಟರೆ ಅವರ ಮನೆಗೆ ಹೋಗುತ್ತೇವೆ. ತಂಗಿಗೆ ಮುಂದಿನ ಮಾಡೆಲ್ ಬಿದಿರಿನಲ್ಲೇ ಮಾಡಬೇಕಂತೆ. ಒಂದೊಂದು ಗಣ್ಣೂ ಬೇರೆ ಬೇರೆ ಅಳತೆ ಅಲ್ವಾ, ಅದನ್ನು ಹೇಗೆ ಬರೆಯೋದು ಅಂತ ಈಗಲೇ ಯೋಚಿಸುತ್ತಾ ಕೂತಿದ್ದಾಳೆ.