ದಾಳಿಂಬೆ ಸಿಪ್ಪೆಯ ಒಗರು

ಹೊಟ್ಟೆ ಕೆಟ್ಟಾಗ ದಾಳಿಂಬೆ ರಸ ಕುಡಿಯುವವರು ಬಹಳ. ಆದರೆ ಭೇದಿ ಕಟ್ಟುವ ಗುಣ ಇರುವುದು ಹೆಚ್ಚಾಗಿ ನಾವು ಎಸೆಯುವ ಸಿಪ್ಪೆಯಲ್ಲಿ. ಅದರ ಟ್ಯಾನಿನ್ ಎಂಬ ಅಂಶ ಬಾಯಿಯ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದಲೇ ನಾಲಿಗೆ ಒರಟಾಗುವುದು. ಅದನ್ನೇ ನಾವು ಒಗರು ಅನ್ನುತ್ತೇವೆ. ಚರ್ಮ ಹದ ಮಾಡುವುದರ ಹಿಂದಿರುವುದೂ ಇದೇ ಗುಣ.

ಸಿಪ್ಪೆಯನ್ನು ತೊಳೆದು, ಉಗುರಗಲದ ಚೂರು ಮಾಡಿ ನೆರಳಲ್ಲಿ ಒಣಗಿಸಿ. ಬಿಳಿ ತಿರುಳನ್ನು ಕೆರೆಯಬೇಕಿಲ್ಲ. ಮುರಿದರೆ ಟಕ್ಕೆನ್ನಬೇಕು. ಬಾಗಿದರೆ ಒಳಗೆ ಪಸೆ ಇದೆ ಎಂದರ್ಥ, ಮಳೆಗಾಲದ ಡಬ್ಬಿಯಲ್ಲಿ ಬೂಸ್ಟು ಖಂಡಿತ. ಪುಡಿ ಮಾಡಿಡಬೇಡಿ, ಬೇಗ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ.

ತಂಬುಳಿಗೆ ನಾಲ್ಕು ಜನಕ್ಕೆ ಎರಡು ಮೂರು ಗ್ರಾಂ, ಅಂದರೆ ನಾಲ್ಕೈದು ಚೂರು ಸಾಕು. ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಸಿಪ್ಪೆ ಹುರಿದು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ. ಕಾಲು ಕಪ್ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದೂವರೆ ಕಪ್ ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಮಜ್ಜಿಗೆ ಹಾಕಿದ ಮೇಲೆ ಕಾಯಿಸಿದರೆ ಒಡೆಯುತ್ತದೆ. ಸಿಪ್ಪೆ ಕಪ್ಪಾಗುವಷ್ಟು ಹುರಿದರೆ ಕಹಿ, ಹೆಚ್ಚು ಹಾಕಿದರೆ ಗಂಟಲು ಹಿಡಿಯುವಷ್ಟು ಒಗರು. ಒಗರು ತೆಗೆಯಲು ಬೇಯಿಸಿ ನೀರು ಚೆಲ್ಲುವವರಿದ್ದಾರೆ. ಆಗ ಔಷಧವೂ ನೀರಿನ ಜೊತೆ ಬಚ್ಚಲಿಗೆ. ಮಜ್ಜಿಗೆಯ ಪ್ರೋಟೀನೇ ಅಷ್ಟಿಷ್ಟು ಟ್ಯಾನಿನ್ ಹಿಡಿದುಕೊಂಡು ರುಚಿಯನ್ನು ಮೆದು ಮಾಡುತ್ತದೆ. ತಂಬುಳಿ ಕಂಡುಹಿಡಿದವರಿಗೆ ರಸಾಯನಶಾಸ್ತ್ರ ಬೇಕಾಗಿರಲಿಲ್ಲ.

ಬಾಯಿಹುಣ್ಣು, ವಸಡಿನ ರಕ್ತ, ಗಂಟಲ ಕೆರೆತಕ್ಕೆ ಕಷಾಯ. ಹತ್ತು ಗ್ರಾಂ ಸಿಪ್ಪೆ, ಎರಡು ಲೋಟ ನೀರು, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ ಸೋಸಿ. ಉಗುರುಬೆಚ್ಚಗಿರುವಾಗ ಅರ್ಧ ನಿಮಿಷ ಬಾಯಲ್ಲಿಟ್ಟು ಉಗಿಯಿರಿ, ದಿನಕ್ಕೆ ಮೂರು ಸಲ. ಮರುದಿನಕ್ಕೆ ಹೊಸದಾಗಿ ಮಾಡಿ. ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದರೆ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಷಾಯ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ, ಅಣ್ಣಭೇದಿ (ಕಬ್ಬಿಣದ ಲವಣ) ಸೇರಿಸಿ ಶಾಯಿ ಮಾಡುತ್ತಿದ್ದುದು ಹೀಗೇ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ. ಬಿಳಿ ಬಟ್ಟೆಗೆ ತಾಗಿದ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು, ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುವ ಕಾರಣಕ್ಕೆ, ಎರಡು ಗಂಟೆ ಅಂತರ ಇಡಬೇಕು. ಮಲಬದ್ಧತೆ ಇರುವವರಿಗೆ ತಂಬುಳಿ ಬೇಡ. ಭೇದಿಯಲ್ಲಿ ರಕ್ತ, ಜ್ವರ ಇದ್ದರೆ ಕಟ್ಟಲು ಹೋಗಬೇಡಿ, ವೈದ್ಯರ ಬಳಿ ಹೋಗಿ. ಸಣ್ಣ ಮಕ್ಕಳ ಭೇದಿಗೆ ಮೊದಲು ಬೇಕಾದ್ದು ಓಆರ್‌ಎಸ್.

ಬೇರಿನ ತೊಗಟೆಯ ವಿಷಯವೇ ಬೇರೆ. ಹಳೆಯ ಕಾಲದಲ್ಲಿ ಲಾಡಿಹುಳಕ್ಕೆ ಅದನ್ನು ಕೊಡುತ್ತಿದ್ದರು. ಅದರಲ್ಲಿರುವ ಪೆಲೆಟಿಯರೀನ್ ಎಂಬ ವಿಷಾಂಶ ಅಳತೆ ಮೀರಿದರೆ ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು. ಮನೆಮದ್ದಿನ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಇನ್ನು ಸಿಪ್ಪೆ ಎಲ್ಲಿಯದು ಎಂಬ ಪ್ರಶ್ನೆ. ಬಯಲುಸೀಮೆಯ ಭಗವಾ ತಳಿಯ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿ ರೋಗ ತಡೆಯಲು ತಾಮ್ರದ ಔಷಧ ಸಿಂಪಡಿಸುತ್ತಾರೆ. ಅದೆಲ್ಲ ಬೀಳುವುದು ಸಿಪ್ಪೆಯ ಮೇಲೆ. ತೊಳೆದರೆ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ. ಹಿತ್ತಲ ಗಿಡದ ಹುಳಿ ದಾಳಿಂಬೆ ಸಿಕ್ಕರೆ ಸಿಪ್ಪೆಗೆ ಅದನ್ನೇ ಆರಿಸಿಕೊಳ್ಳಿ, ಹಣ್ಣು ತಿನ್ನಲು ಪೇಟೆಯದು ಇರಲಿ.