ಲೆಕ್ಕ ಬಲ್ಲ ಹುಡುಗನಿಗೆ ಕಾಫಿ ಖರೀದಿ ಕಲಿಸುವಾಗ

ಕಾಫಿ ಖರೀದಿಯ ಕೆಲಸಕ್ಕೆ ಈಗ ಬರುವ ಯುವಕರಿಗೆ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಲಂಡನ್ ಮಾರುಕಟ್ಟೆಯ ರೊಬಸ್ಟಾ ಕಾಫಿಯ ದರ, ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ಕಾಫಿಯ ದರ, ಡಾಲರಿನ ಬೆಲೆ ಎಲ್ಲವೂ ಅವರ ಮೊಬೈಲಿನಲ್ಲಿ ಇರುತ್ತವೆ. ಐವತ್ತು ಕಿಲೋ ಚೀಲಕ್ಕೆ ಎಷ್ಟು ಕೊಡಬಹುದೆಂಬುದನ್ನು ಕ್ಷಣದಲ್ಲಿ ಹೇಳಿಬಿಡುತ್ತಾರೆ. ಕುಶಾಲನಗರದ ಆಸುಪಾಸಿನಲ್ಲಿ ಕಾಫಿಯ ಸಿಪ್ಪೆ ತೆಗೆದು ಬೇಳೆ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ಗಾಗಿ ಬಹಳ ವರ್ಷಗಳಿಂದ ಬೆಳೆಗಾರರ ಕಣಗಳಲ್ಲಿ ಕಾಫಿ ಕೊಳ್ಳುತ್ತಿರುವ, ಈಚೆಗೆ ಹೊಸಬರನ್ನು ತಯಾರು ಮಾಡುವ ಹೊಣೆಯನ್ನೂ ಹೊತ್ತಿರುವ ನನಗೆ, ಇಂಥವರಿಗೆ ಹಿರಿಯನಾದವನು ಇನ್ನೇನು ಕಲಿಸಬೇಕು ಎಂಬ ಪ್ರಶ್ನೆ ಸದಾ ಇದ್ದೇ ಇತ್ತು. ಅದನ್ನು ಕುರಿತು ಸರಿಯಾಗಿ ಯೋಚಿಸುವಂತೆ ಮಾಡಿದ್ದು ಇಸ್ಪೀಟಿನ ಕಥೆಯುಳ್ಳ ಒಂದು ಚಲನಚಿತ್ರ.

2008ರಲ್ಲಿ ಬಂದ ‘ಡೀಲ್’ ಎಂಬ ಆ ಇಂಗ್ಲಿಷ್ ಚಿತ್ರದಲ್ಲಿ ಬರ್ಟ್ ರೆನಾಲ್ಡ್ಸ್ ಅವರದು, ಹೆಂಡತಿಗಾಗಿ ವರ್ಷಗಳ ಹಿಂದೆಯೇ ಪೋಕರ್ ಬಿಟ್ಟ ಹಳೆಯ ಆಟಗಾರನ ಪಾತ್ರ. ಕಂಪ್ಯೂಟರಿನ ಮುಂದೆ ಕುಳಿತು ಆಟ ಕಲಿತ ಹುಡುಗನೊಬ್ಬನನ್ನು ಅವನು ಕಂಡು, ತನ್ನ ವಿದ್ಯೆಯನ್ನು ಅವನಿಗೆ ಧಾರೆಯೆರೆಯುತ್ತಾನೆ. ಆ ಕಾಲದಲ್ಲಿ ಇಂಥ ಹುಡುಗರು ನಿಜವಾಗಿಯೂ ಹುಟ್ಟಿಕೊಂಡಿದ್ದರು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಅಕೌಂಟೆಂಟ್, 86 ಡಾಲರಿನ ಆನ್‌ಲೈನ್ ಪಂದ್ಯದ ಮೂಲಕ ಪ್ರವೇಶ ಪಡೆದು ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ, ಮನೆಯಲ್ಲೇ ಕುಳಿತು ಪೋಕರ್ ಕಲಿಯುವವರ ಸಂಖ್ಯೆ ಬೆಳೆಯಿತು. ಚಿತ್ರವಾಗಿ ‘ಡೀಲ್’ ಸಾಧಾರಣವಾದದ್ದೆಂದೇ ನನ್ನ ಅಭಿಪ್ರಾಯ; ಆದರೆ ಅದರಲ್ಲಿನ ಗುರುಶಿಷ್ಯ ಸಂಬಂಧ ನಮ್ಮ ಕೆಲಸಕ್ಕೆ ಬಹಳ ಹತ್ತಿರದ್ದು. ಹಣ ಕಟ್ಟಿ ಆಡುವುದನ್ನು ನಾನು ಖಂಡಿತ ಹೊಗಳುತ್ತಿಲ್ಲ. ಇಸ್ಪೀಟಿನಿಂದ ತೋಟ ಕಳೆದುಕೊಂಡ ಕುಟುಂಬಗಳನ್ನು ಕಂಡವನು ನಾನು, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯನ್ನು ಮನಸಾರೆ ಒಪ್ಪುವವನು.

ಚಿತ್ರದವರು ಆಡುವ ಪೋಕರಿನಲ್ಲಿ ಪ್ರತಿಯೊಬ್ಬನ ಕೈಯಲ್ಲಿ ಎರಡು ಮುಚ್ಚಿದ ಎಲೆಗಳಿರುತ್ತವೆ, ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ತೆರೆದುಕೊಳ್ಳುತ್ತವೆ. ಒಬ್ಬನಲ್ಲಿ ಎರಡು ಎಕ್ಕ, ಇನ್ನೊಬ್ಬನಲ್ಲಿ ಎರಡು ರಾಜ ಇದ್ದರೆ ಎಕ್ಕದವನು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾನೆ. ಉಳಿದ ಸಲ, ಯಾವ ತಪ್ಪನ್ನೂ ಮಾಡದೆ ಸೋಲುತ್ತಾನೆ. ಒಂದು ಆಟದ ಫಲಿತಾಂಶವನ್ನು ಮಾತ್ರ ನೋಡಿ ಶಿಷ್ಯನನ್ನು ಹೊಗಳುವ ಅಥವಾ ತೆಗಳುವ ಗುರು ಅವನಿಗೆ ಏನನ್ನೂ ಕಲಿಸಲಾರ.

ನಮ್ಮಲ್ಲಿ ಇದು ಹೇಗೆಂದು ಹೇಳುತ್ತೇನೆ. ರೊಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆ ಸಹಿತ ಒಣಗಿಸಿದ ಕಾಯಿಯ ಬೆಲೆ ನಿಲ್ಲುವುದು ಔಟ್‌ಟರ್ನ್ ಮೇಲೆ, ಎಂದರೆ ಐವತ್ತು ಕಿಲೋ ಚೀಲದಿಂದ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬುದರ ಮೇಲೆ. ಅದು 28 ಎಂದು ನಂಬಿ ಕೊಂಡದ್ದು 27ಕ್ಕೆ ಇಳಿದರೆ ನೂರು ಚೀಲದಲ್ಲಿ ನೂರು ಕಿಲೋ ಬೇಳೆ ಕೈಬಿಟ್ಟಂತೆ. ಒಣಗಿದ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಸದ್ದಾಗಬೇಕು. ಮೀಟರಿನಲ್ಲಿ ತೇವ ಶೇಕಡಾ 11ರ ಆಸುಪಾಸಿನಲ್ಲಿರಬೇಕು. ಕಾಯಿಕೊರಕ ತಿಂದ ಬೇಳೆ, ಕಪ್ಪು ಬೇಳೆ ಎಷ್ಟಿದೆ ಎಂದು ನೋಡಬೇಕು. ಮಾದರಿಯನ್ನು ಬಾಗಿಲ ಬಳಿಯ ಚೀಲಗಳಿಂದ ಮಾತ್ರವಲ್ಲ, ಗೋಡೆಗೆ ತಾಗಿದ ತಳದ ಚೀಲಗಳಿಂದಲೂ ತೆಗೆಯಬೇಕು. ಇಷ್ಟೆಲ್ಲ ನೋಡಿದ ಮೇಲೂ ನಮಗೆ ಗೊತ್ತಾಗದ ಎಲೆಯೊಂದು ಉಳಿದೇ ಇರುತ್ತದೆ, ಅದು ನಾಳೆಯ ದರ.

ಒಮ್ಮೆ ಇಬ್ಬರು ಯುವಕರು ಒಂದೇ ಹಂಗಾಮಿನಲ್ಲಿ ನನ್ನ ಕೈಕೆಳಗೆ ಇದ್ದರು. ಒಬ್ಬನು ಸಿದ್ದಾಪುರದ ಕಡೆಯ ಕಣವೊಂದರಲ್ಲಿ ಮೇಲಿನದನ್ನೆಲ್ಲ ಮಾಡಿ ಸರಿಯಾದ ಬೆಲೆಗೆ ಕೊಂಡ. ಮರುವಾರವೇ ಲಂಡನ್ ದರ ಕುಸಿದು ಆ ಸರಕಿನಲ್ಲಿ ನಷ್ಟವಾಯಿತು. ಇನ್ನೊಬ್ಬನು ತೇವ ಹೆಚ್ಚಿದ್ದ ಚೀಲಗಳನ್ನು, ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ ಔಟ್‌ಟರ್ನನ್ನೇ ನಂಬಿ, ಆತುರದಲ್ಲಿ ಕೊಂಡ. ದರ ಏರಿದ್ದರಿಂದ ಲಾಭವೇ ಆಯಿತು. ಕಚೇರಿಯಲ್ಲಿ ಮೊದಲನೆಯವನಿಗೆ ಬೈಗುಳ, ಎರಡನೆಯವನಿಗೆ ಶಹಬಾಸ್. ಮೊದಲನೆಯವನ ಪರವಾಗಿ ವಾದಿಸುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಅವನ ಕಾರಣಗಳೆಲ್ಲ ಸರಿಯಿದ್ದವು. ಕಷ್ಟವಾದದ್ದು ಎರಡನೆಯವನ ಜೊತೆಗಿನ ಮಾತು. ‘ಸಾರ್, ಲಾಭ ಬಂದಿದೆಯಲ್ಲ’ ಎಂದು ಅವನು ಕೇಳಿದಾಗ, ಅದೇ ಸರಕನ್ನು ದರ ನಿಂತಲ್ಲೇ ನಿಂತಿದ್ದರೆ ಎಷ್ಟಕ್ಕೆ ಮಾರಬಹುದಿತ್ತು ಎಂದು ಲೆಕ್ಕ ಹಾಕಲು ಹೇಳಿದೆ. ಲೆಕ್ಕದಲ್ಲಿ ಅವನು ಚುರುಕು. ಹಾಕಿ ಮುಗಿಸುವಷ್ಟರಲ್ಲಿ ಅವನೇ ಸುಮ್ಮನಾದ. ಗೆದ್ದವನನ್ನು ತಿದ್ದುವುದು ಸೋತವನನ್ನು ಸಂತೈಸುವುದಕ್ಕಿಂತ ಎಷ್ಟೋ ಕಠಿಣವಾದ ಕೆಲಸ, ಮತ್ತು ಹಿರಿಯರು ಹೆಚ್ಚಾಗಿ ತಪ್ಪಿಸಿಕೊಳ್ಳುವುದೂ ಅದರಿಂದಲೇ. ಅಂದಿನಿಂದ ಪ್ರತಿ ಖರೀದಿಗೆ ಮೊದಲು, ಏಕೆ ಕೊಳ್ಳುತ್ತಿದ್ದೇನೆ, ಏನು ನೋಡಿದೆ, ಏನು ನೋಡಲಿಲ್ಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹೊಸಬರಿಗೆ ಹೇಳುತ್ತೇನೆ. ದರ ಬದಲಾದ ಮೇಲೆ ಬರೆದ ಕಾರಣಗಳಿಗೆ ನನ್ನಲ್ಲಿ ಬೆಲೆಯಿಲ್ಲ.

ಚಿತ್ರದ ಹಿರಿಯನು ಹುಡುಗನಿಗೆ ಮುಖ್ಯವಾಗಿ ಕಲಿಸುವುದು ಎದುರು ಕುಳಿತವನನ್ನು ಓದುವುದನ್ನು. ಕಂಪ್ಯೂಟರಿನಲ್ಲಿ ಕಾಣದ ಮುಖ, ಕೈ, ಉಸಿರು ಎಲ್ಲವೂ ಮೇಜಿನ ಬಳಿ ಮಾತಾಡುತ್ತವೆ. ನಮ್ಮ ಕೆಲಸದಲ್ಲೂ ಇದು ಬೇಕೇ ಬೇಕು. ಹಿಂದೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಎಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸುತ್ತಿದ್ದರು. 1996ರ ವೇಳೆಗೆ ಮಾರುಕಟ್ಟೆ ಪೂರ್ತಿ ಮುಕ್ತವಾದ ಮೇಲೆ ಯಾವಾಗ, ಯಾರಿಗೆ ಮಾರಬೇಕೆಂಬ ತೀರ್ಮಾನ ಅವರದೇ ಆಯಿತು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್ ಬೇಕಾದವರು, ಕೊಯ್ಲಿನ ಕೂಲಿ ಬಟವಾಡೆ ಮಾಡಬೇಕಾದವರು ಬೆಲೆ ಕೇಳುವ ಬಗೆಯೇ ಬೇರೆ. ಚುರುಕಾದ ಹುಡುಗ ಇದನ್ನು ಒಂದೇ ಹಂಗಾಮಿನಲ್ಲಿ ಗುರುತಿಸಬಲ್ಲ.

ಆದರೆ ಇಲ್ಲಿಗೆ ಬಂದಾಗ ನಾನು ಆ ಚಿತ್ರದ ಪಾಠವನ್ನು ಒಪ್ಪುವುದಿಲ್ಲ. ಪೋಕರಿನಲ್ಲಿ ಎದುರಾಳಿಯ ದುರ್ಬಲ ಗಳಿಗೆಯೇ ನಮ್ಮ ಗಳಿಕೆ, ಅಲ್ಲಿ ಅದೇ ನ್ಯಾಯ. ಬೆಳೆಗಾರರು ನಮಗೆ ಎದುರಾಳಿಗಳಲ್ಲ. ಮುಂದಿನ ವರ್ಷವೂ ಅದೇ ಕಣಕ್ಕೆ ನಾವು ಹೋಗಬೇಕು, ಅವರ ಮಕ್ಕಳ ಜೊತೆಗೂ ವ್ಯವಹರಿಸಬೇಕು. ಅವರ ತುರ್ತು ಗೊತ್ತಾದರೆ ಅದನ್ನು ಹಣ ಬೇಗ ಪಾವತಿಸಲು, ಲಾರಿ ಬೇಗ ಕಳುಹಿಸಲು ಬಳಸಬೇಕೇ ಹೊರತು ಬೆಲೆ ಮುರಿಯಲು ಅಲ್ಲ ಎಂಬುದನ್ನು ನಾನು ಹೊಸಬರಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಾದರಿಯನ್ನು ಅವರ ಮುಂದೆಯೇ ತೂಗಬೇಕು, ಮೀಟರಿನ ಅಂಕಿಯನ್ನು ಅವರೂ ಓದುವಂತೆ ತಿರುಗಿಸಿ ಹಿಡಿಯಬೇಕು.

ಚಿತ್ರದ ಕೊನೆಗೆ ಗುರುವೂ ಶಿಷ್ಯನೂ ದೊಡ್ಡ ಪಂದ್ಯವೊಂದರಲ್ಲಿ ಎದುರೆದುರು ಕೂರುತ್ತಾರೆ. ಕೊಡಗಿನ ಕಾಫಿ ವ್ಯಾಪಾರದಲ್ಲಿ ಇದು ಕಥೆಯಲ್ಲ, ವಾಡಿಕೆ: ಒಂದು ಕಡೆ ಪಳಗಿದವರು ಇನ್ನೊಂದು ಕಡೆ ಸೇರುತ್ತಾರೆ, ಇಲ್ಲವೇ ಸ್ವಂತ ಖರೀದಿಗೆ ಇಳಿಯುತ್ತಾರೆ. ಸಿದ್ದಾಪುರದ ಕಣದಲ್ಲಿ ಕೊಂಡ ಆ ಹುಡುಗ ಈಗ ಬೇರೆಯವರಿಗೆ ಕೊಳ್ಳುತ್ತಾನೆ. ಅಮ್ಮತ್ತಿ, ಪಾಲಿಬೆಟ್ಟದ ಕಡೆ ನಾವಿಬ್ಬರೂ ಒಂದೇ ಸರಕಿಗೆ ಬೆಲೆ ಹೇಳುವುದುಂಟು, ಕೆಲವೊಮ್ಮೆ ಅವನಿಗೇ ಅದು ದಕ್ಕುವುದೂ ಉಂಟು. ಹಾಗೆಂದು ಯಾವುದನ್ನಾದರೂ ಬಚ್ಚಿಟ್ಟು ಕಲಿಸಬೇಕಿತ್ತೆಂದು ನನಗೆ ಅನ್ನಿಸಿಲ್ಲ, ಏಕೆಂದರೆ ತೇವದ ಚೀಲಕ್ಕೆ ಹುಸಿ ಬೆಲೆ ಹೇಳಿ ಮಾರುಕಟ್ಟೆ ಕೆಡಿಸುವ ಅರೆಬರೆ ಕಲಿತವರಿಗಿಂತ ಅವನಂಥ ಪ್ರತಿಸ್ಪರ್ಧಿ ನಮಗೂ ಬೆಳೆಗಾರರಿಗೂ ಮೇಲು. ಈಗ ಸೇರಿರುವ ಹೊಸಬರಿಗೂ ಅದೇ ಬಗೆಯ ಪುಸ್ತಕ ಕೊಟ್ಟಿದ್ದೇನೆ. ಅರೇಬಿಕಾ ಕೊಯ್ಲು ಶುರುವಾಗುವವರೆಗೆ ಗೋದಾಮಿನ ಹಳೆಯ ಮಾದರಿಗಳನ್ನು ನೋಡಿ ಅವರು ದಿನವೂ ಅದರಲ್ಲಿ ಬೆಲೆಯನ್ನೂ ಕಾರಣವನ್ನೂ ಬರೆಯುತ್ತಿದ್ದಾರೆ.