ಗೇಮಿಂಗ್ ಕಂಪ್ಯೂಟರ್: ಮೂರನೆಯ ಸಲ ತಿದ್ದಿದ ಪಟ್ಟಿ

ಮೊದಲ ವಾರ

ಬಿಡಿಭಾಗಗಳನ್ನು ಕೊಂಡು ನಾನೇ ಜೋಡಿಸಲಿರುವ ಕಂಪ್ಯೂಟರಿಗೆಂದು ಮಾಡಿದ್ದ ಹಿಂದಿನ ಎರಡು ಪಟ್ಟಿಗಳನ್ನೂ ಕೈಬಿಟ್ಟೆ. ಎರಡರಲ್ಲೂ ಎಂಟು ಕೋರ್‌ಗಳ ಪ್ರೊಸೆಸರ್ (ಕೋರ್ ಅಂದರೆ ಅದರೊಳಗಿನ ಲೆಕ್ಕ ಮಾಡುವ ಘಟಕ) ಹಣದ ದೊಡ್ಡ ಪಾಲನ್ನು ನುಂಗಿ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಚೂರುಪಾರು ಉಳಿಸಿತ್ತು. ನಾನು ಆಡುವ ಆಟಗಳಲ್ಲಿ ಹೆಚ್ಚಿನ ಹೊರೆ ಬೀಳುವುದು ಕಾರ್ಡಿನ ಮೇಲೆಯೇ. ಹಾಗಾಗಿ ಈ ಸಲ ಒಟ್ಟು ಹಣದ ನೂರರಲ್ಲಿ ನಲವತ್ತು ಪಾಲನ್ನು ಮೊದಲೇ ಕಾರ್ಡಿಗೆಂದು ಎತ್ತಿಟ್ಟು, ಮಿಕ್ಕದ್ದರಲ್ಲಿ ಉಳಿದವನ್ನು ಹೊಂದಿಸುತ್ತಿದ್ದೇನೆ. ಗುರಿ 1080ಪಿಯಲ್ಲಿ, ಅಂದರೆ 1920×1080 ಚುಕ್ಕೆಗಳ ಪರದೆಯಲ್ಲಿ, ಸೆಕೆಂಡಿಗೆ 60 ಫ್ರೇಮ್ (ಚಿತ್ರ).

ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡು ಅಗ್ಗವಾಗಿತ್ತು, ಮನಸ್ಸು ಅತ್ತ ವಾಲಿತ್ತು. ಆದರೆ ಅದರ 4 ಜಿಬಿ ಆವೃತ್ತಿಯ ಮೆಮೊರಿ ತುಂಬಿದಾಗ ಉಳಿದ ದತ್ತಾಂಶ ಮುಖ್ಯ ರ್ಯಾಮ್‌ನಿಂದ ಬರಬೇಕು, ಬರುವ ದಾರಿಯಾದ ಪಿಸಿಐಇಯಲ್ಲಿ ಆ ಕಾರ್ಡಿಗೆ ಇರುವುದು ನಾಲ್ಕೇ ಲೇನ್ (ದತ್ತಾಂಶ ಸಾಗುವ ಸಾಲು). ಮದರ್‌ಬೋರ್ಡ್ ಪಿಸಿಐಇಯ ಹಳೆಯ 3.0 ಆವೃತ್ತಿಯದಾಗಿದ್ದರೆ ಆ ದಾರಿಯ ವೇಗ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಆರ್‌ಎಕ್ಸ್ 6600ರಲ್ಲಿ 8 ಜಿಬಿ ಮೆಮೊರಿ, ಎಂಟು ಲೇನ್, 132 ವ್ಯಾಟ್ ಬಳಕೆ. ಅದನ್ನೇ ಗಟ್ಟಿ ಮಾಡಿದೆ.

ಎರಡನೆಯ ವಾರ

ನಾಲ್ಕು ಸಂಜೆಗಳು ರೈಜನ್ 5 5500 ಮತ್ತು 5600 ಎಂಬ ಎರಡು ಪ್ರೊಸೆಸರುಗಳ ನಡುವೆಯೇ ಕಳೆದವು. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಹೆಸರು ನೋಡಿದರೆ ವೇಗದಲ್ಲಿ ಕೊಂಚ ವ್ಯತ್ಯಾಸವಷ್ಟೇ ಎನಿಸುತ್ತದೆ. ಒಳಗೆ ನೋಡಿದರೆ 5500ರ ಎಲ್3 ಕ್ಯಾಶ್ (ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ) 16 ಎಂಬಿ, 5600ರದ್ದು 32. ಆಟಗಳಲ್ಲಿ ಪ್ರೊಸೆಸರ್ ಪದೇ ಪದೇ ಹುಡುಕುವ ದತ್ತಾಂಶ ಕೈಗೆಟಕುವಲ್ಲಿರುವುದು ಎಷ್ಟು ಮುಖ್ಯ ಎಂಬುದು ಪರೀಕ್ಷೆಗಳ ಫಲಿತಾಂಶ ಓದಿದಾಗ ಮನದಟ್ಟಾಯಿತು. ಅಲ್ಲದೆ 5500 ಪಿಸಿಐಇ 3.0ಕ್ಕೇ ನಿಲ್ಲುತ್ತದೆ. 5600 ಆರಿಸಿದೆ. ಹೆಚ್ಚುವರಿ ಹಣಕ್ಕಾಗಿ ಬಣ್ಣದ ದೀಪಗಳ ಕ್ಯಾಬಿನೆಟ್ಟನ್ನೂ ಬೇರೆಯಾಗಿ ಕೊಳ್ಳಬೇಕೆಂದಿದ್ದ ಕೂಲರನ್ನೂ ಪಟ್ಟಿಯಿಂದ ತೆಗೆದೆ. 65 ವ್ಯಾಟ್‌ನ ಪ್ರೊಸೆಸರಿಗೆ ಪೆಟ್ಟಿಗೆಯಲ್ಲೇ ಬರುವ ಕೂಲರ್ ಸಾಕು.

ಮದರ್‌ಬೋರ್ಡ್ ಬಿ550 ಮಾದರಿಯದು. ಹಳೆಯ ದಾಸ್ತಾನಿನ ಬೋರ್ಡು ಈ ಪ್ರೊಸೆಸರನ್ನು ಗುರುತಿಸದೇ ಹೋಗಬಹುದು, ಬಯಾಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ನವೀಕರಿಸಲು ಬೇರೊಂದು ಪ್ರೊಸೆಸರ್ ನನ್ನಲ್ಲಿಲ್ಲ. ಆದ್ದರಿಂದ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸುವ ಗುಂಡಿ ಇರುವ ಬೋರ್ಡನ್ನೇ ಹುಡುಕಿದೆ.

ಪವರ್ ಸಪ್ಲೈ ವಿಷಯದಲ್ಲಿ ನಾನು ರಾಜಿಯಾಗಲಾರೆ. ಪ್ರೊಸೆಸರ್, ಕಾರ್ಡು ಎರಡೂ ಸೇರಿ ಸುಮಾರು 200 ವ್ಯಾಟ್; ಉಳಿದವಕ್ಕೂ ಕ್ಷಣಿಕ ಏರಿಕೆಗಳಿಗೂ ಅವಕಾಶ ಬಿಟ್ಟು 550 ವ್ಯಾಟ್ ಇಟ್ಟೆ. ಮೇಲಿರುವ 80 ಪ್ಲಸ್ ಬ್ರಾಂಜ್ ಮುದ್ರೆ ವಿದ್ಯುತ್ತಿನ ದಕ್ಷತೆಯನ್ನು ಮಾತ್ರ ಹೇಳುತ್ತದೆ. ಒಳಗಿನ ಕೆಪಾಸಿಟರ್‌ಗಳ ಗುಣಮಟ್ಟವನ್ನೋ ಶಾರ್ಟ್ ಆದಾಗ ಕಡಿತಗೊಳಿಸುವ ರಕ್ಷಣೆಯನ್ನೋ ಅದು ಹೇಳುವುದಿಲ್ಲ. ಅದಕ್ಕೇ ಬಿಚ್ಚಿ ಪರೀಕ್ಷಿಸಿದ ವಿಮರ್ಶೆಗಳನ್ನು ಓದಿದ ಮೇಲೆಯೇ ಆರಿಸಿದೆ. ಕಾರ್ಡನ್ನು ಯಾರೋ ಬಳಸಿದ್ದಾದರೂ ಕೊಳ್ಳುತ್ತೇನೆ, ಪವರ್ ಸಪ್ಲೈಯನ್ನು ಮಾತ್ರ ಎಂದಿಗೂ ಇಲ್ಲ.

1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಆಟಗಳನ್ನೂ ಕಡತಗಳನ್ನೂ ಇಡುವ ಈ ವೇಗದ ಡ್ರೈವಿನ ವಿಷಯದಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ.

ನಾಲ್ಕನೆಯ ವಾರ

ಜೋಡಣೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು, ಆದರೆ ಆಟ ತಡವರಿಸಿತು. ಸರಾಸರಿ ಚೆನ್ನಾಗಿದ್ದರೂ ನಡುನಡುವೆ ಚಿತ್ರ ಜಗ್ಗುತ್ತಿತ್ತು. ಡ್ರೈವರ್ ಅಳಿಸಿ ಮತ್ತೆ ಹಾಕಿದೆ, ಬದಲಾಗಲಿಲ್ಲ. ಕೊನೆಗೆ ಕ್ಯಾಬಿನೆಟ್ ತೆರೆದು ನೋಡಿದರೆ 8 ಜಿಬಿಯ ಎರಡೂ ರ್ಯಾಮ್‌ಗಳನ್ನು ಅಕ್ಕಪಕ್ಕದ ಸ್ಲಾಟ್‌ಗಳಲ್ಲಿ ಕೂರಿಸಿದ್ದೆ; ಪ್ರೊಸೆಸರಿಗೂ ರ್ಯಾಮಿಗೂ ನಡುವಿನ ಎರಡು ಚಾನೆಲ್ (ದಾರಿ) ಗಳಲ್ಲಿ ಒಂದೇ ಕೆಲಸ ಮಾಡುತ್ತಿತ್ತು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೆಯ ಸ್ಲಾಟಿಗೆ ಬದಲಿಸಿದೆ. ಬಯಾಸ್ ತೆರೆದಾಗ ಇನ್ನೊಂದು ಕಂಡಿತು: 3200 ವೇಗದ ರ್ಯಾಮ್ 2133ರ ವೇಗದಲ್ಲಷ್ಟೇ ಓಡುತ್ತಿತ್ತು. ಎಕ್ಸ್‌ಎಂಪಿ ಎಂಬ, ರ್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆಯನ್ನು ಆನ್ ಮಾಡಿದೆ. ಅದೇ ಆಟ, ಅದೇ ದೃಶ್ಯ, ಈಗ ನೀರು ಹರಿದಂತೆ ಸಾಗುತ್ತದೆ. ಹಣ ಕೊಟ್ಟು ಕೊಂಡ ವೇಗ ಅಷ್ಟು ದಿನ ಬಳಕೆಯಾಗದೆ ಕೂತಿತ್ತಲ್ಲ ಎಂದು ನಿಜಕ್ಕೂ ನೊಂದುಕೊಂಡೆ.

ಕ್ಯಾಬಿನೆಟ್ಟಿನ ಹಿಂಬದಿಗೆ ಬೇಕಾದ 120 ಎಂಎಂ ಫ್ಯಾನ್ ಇನ್ನೂ ಬಂದಿಲ್ಲ. ಬಂದ ಮೇಲೆ ಎರಡು ಗಂಟೆ ಆಡಿ, ಕಾರ್ಡಿನ ತಾಪಮಾನವನ್ನು ಇಲ್ಲಿ ದಾಖಲಿಸುತ್ತೇನೆ.